ವಿಷದ ಕಲ್ಲು ನಂಬಿ ನಾನು ಕಳೆದ ಎರಡು ಗಂಟೆ

ಅಣ್ಣ, ತಮ್ಮನಿಗೆ ಹಾವು ಕಚ್ಚಿದಾಗ ಕಾಲಿಗೆ ಹಗ್ಗ ಬಿಗಿದು, ವಿಷ ಎಳೆಯುತ್ತದೆ ಅನ್ನುವ ವಿಷದ ಕಲ್ಲು ಇಟ್ಟು ವಾಸಿ ಮಾಡಿದೆವು, ಎಲ್ಲರೂ ಮನೆಯಲ್ಲಿ ಒಂದು ಕಲ್ಲು ಇಟ್ಟುಕೊಳ್ಳಿ ಎಂದು ಬರೆದಿದ್ದೀರಿ. ತಮ್ಮ ಉಳಿದದ್ದು ನಿಜಕ್ಕೂ ಸಂತೋಷ. ಆದರೆ ಆ ಸಲಹೆಯನ್ನು ದಯವಿಟ್ಟು ಅಳಿಸಿ. ನಾನೂ ಇದನ್ನೇ ಮಾಡಿದ್ದೆ, ನಮ್ಮ ಭಾವನಿಗೆ.

ಕಚ್ಚಿದ್ದು ಕೊಳಕುಮಂಡಲ. ಟವೆಲ್ ಹರಿದು ಮೊಣಕಾಲಿನ ಕೆಳಗೆ ನಾನೇ ಕಟ್ಟಿದೆ, ಬೆರಳು ತೂರದಷ್ಟು ಬಿಗಿಯಾಗಿ. ಆಮೇಲೆ ಕಲ್ಲು ಇಡುವವರ ಹತ್ತಿರ ಎರಡು ಗಂಟೆ ಕಳೆದೆವು. ಕಲ್ಲು ಗಾಯಕ್ಕೆ ಅಂಟಿತು. ಅದು ಅಂಟಿದ್ದು ನೋಡಿ ವಿಷ ಎಳೀತಿದೆ ಅಂತಲೇ ನಂಬಿದೆ. ಅಷ್ಟರಲ್ಲಿ ಕಾಲು ಕಂಬದ ಹಾಗೆ ಊದಿ, ಒಸಡಲ್ಲಿ ರಕ್ತ ಬರಲು ಶುರುವಾಗಿತ್ತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಆದರೆ ಕಟ್ಟಿದ ಜಾಗದ ಕೆಳಗೆ ಮಾಂಸ ಕೊಳೆತು, ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಬೇಕಾಯಿತು. ಮಂಡಲದ ವಿಷ ಮೊದಲೇ ಮಾಂಸ ಕೆಡಿಸುತ್ತದೆ. ಅದರ ಮೇಲೆ ರಕ್ತ ಓಡಾಟವನ್ನೂ ನಿಲ್ಲಿಸಿದರೆ ಇನ್ನೇನು ಉಳಿಯುತ್ತದೆ?

ಆ ಕಲ್ಲು ಹೆಚ್ಚಾಗಿ ಸುಟ್ಟ ಮೂಳೆ. ತುಂಬಾ ಸಣ್ಣ ತೂತುಗಳಿರುವುದರಿಂದ ತೇವ ಹೀರಿ ಅಂಟುತ್ತದೆ, ಹೀರಿ ತುಂಬಿದ ಮೇಲೆ ಬೀಳುತ್ತದೆ. ಒದ್ದೆ ನಾಲಿಗೆಗೂ ಅಂಟುತ್ತದೆ, ಬೇಕಾದರೆ ನೋಡಿ. ಹಲ್ಲು ಮಾಂಸದೊಳಗೆ ಇಳಿಸಿದ ವಿಷ ಅದರಿಂದ ಹೊರಗೆ ಬರುವುದಿಲ್ಲ. ವಿಷ ಹೀರಲೆಂದು ಮಾರುವ ಸಾಯರ್ ಎಕ್ಸ್‌ಟ್ರಾಕ್ಟರ್ ಅನ್ನುವ ಪಂಪನ್ನೂ ತರಿಸಬೇಡಿ. ಪರೀಕ್ಷೆ ಮಾಡಿ ನೋಡಿದಾಗ ನೀರಿನಂಥ ರಕ್ತ ಬಂತು, ವಿಷ ಬರಲೇ ಇಲ್ಲ ಅನ್ನುವಷ್ಟು ಕಡಿಮೆ.

ಹಾಗಾದರೆ ತಮ್ಮ ಹೇಗೆ ಉಳಿದ ಅಂತೀರಾ? ಕಚ್ಚಿದ್ದು ಕೆರೆಹಾವೇ ಇರಬಹುದು. ನಾಗರಹಾವೂ ಎಷ್ಟೋ ಸಲ ವಿಷ ಬಿಡದೆ ಸುಮ್ನೆ ಕಚ್ಚುತ್ತದೆ. ಅಂಥವರೆಲ್ಲ ಏನು ಹಚ್ಚಿದರೂ ಬದುಕುತ್ತಾರೆ, ಹೆಸರು ಮಾತ್ರ ಕಲ್ಲಿಗೆ.

ಕಚ್ಚಿದ ತಕ್ಷಣ ಗಾಡಿ ಹೊರಡಲಿ. ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಉಂಗುರ, ಕಾಲ್ಗೆಜ್ಜೆ ತೆಗೆಯಿರಿ, ಆಮೇಲೆ ಊದಿಕೊಂಡರೆ ಅವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಮೂಳೆ ಮುರಿದಾಗ ಮಾಡುವ ಹಾಗೆ ಒಂದು ಪಟ್ಟಿ ಇಟ್ಟು ಕಾಲು ಅಲ್ಲಾಡದಂತೆ ಸಡಿಲವಾಗಿ ಸುತ್ತಿ. ಬ್ಲೇಡ್ ಬೇಡ, ಬಾಯಿಂದ ಹೀರುವುದು ಬೇಡ, ಐಸ್ ಬೇಡ, ಹೆಂಡವಂತೂ ಬೇಡವೇ ಬೇಡ. ನೋವಿಗೆ ಆಸ್ಪಿರಿನ್, ಬ್ರೂಫೆನ್ ಕೊಡಬೇಡಿ, ರಕ್ತಸ್ರಾವ ಜಾಸ್ತಿಯಾಗುತ್ತದೆ. ಯಾರೋ ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಫಟ್ಟನೆ ಬಿಚ್ಚಬೇಡಿ. ತಡೆದು ನಿಂತ ವಿಷ ಒಮ್ಮೆಲೇ ನುಗ್ಗುತ್ತದೆ. ಡಾಕ್ಟರ ಎದುರಿಗೇ ಬಿಚ್ಚಲಿ.

ಕಟ್ಟುಹಾವಿನ ವಿಷಯದಲ್ಲಿ ಇನ್ನೂ ಹುಷಾರು. ರಾತ್ರಿ ಮಲಗಿದ್ದಾಗ ಕಚ್ಚುತ್ತದೆ. ನೋವಿಲ್ಲ, ಊತ ಇಲ್ಲ, ಗುರುತೂ ಕಾಣದೇ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಇಳಿಯುವುದು, ಮಾತು ತೊದಲುವುದು ಕಂಡರೆ ಅಸಿಡಿಟಿ ಎಂದು ಮಾತ್ರೆ ನುಂಗಿಸಿ ಕೂರಬೇಡಿ. ಉಸಿರಾಟವೇ ನಿಲ್ಲಬಹುದು. ಆದ್ದರಿಂದ ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಜೊತೆಗೆ ವೆಂಟಿಲೇಟರ್ ಎಲ್ಲಿದೆ ಅನ್ನುವುದನ್ನು ಇವತ್ತೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಆಂಟಿವೆನಮ್ ತಂದು ಮನೆಯ ಫ್ರಿಜ್ಜಿನಲ್ಲಿ ಇಡೋಣವಾ ಎಂದು ನೀವು ಬರೆದದ್ದರ ಕೆಳಗೆ ಒಬ್ಬರು ಕೇಳಿದ್ದಾರೆ. ಬೇಡ. ಅದನ್ನು ರಕ್ತನಾಳಕ್ಕೇ ಕೊಡಬೇಕು. ಕೆಲವರಿಗೆ ಜೋರು ಅಲರ್ಜಿ ಆಗುತ್ತದೆ, ಪಕ್ಕದಲ್ಲಿ ಅದಕ್ಕೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ತಯಾರಿರಬೇಕು.

ಹಾವು ಹಿಡಿದು ತರಬೇಕಾಗಿಲ್ಲ. ದೂರದಿಂದ ಒಂದು ಫೋಟೋ ಸಿಕ್ಕರೆ ಸಾಕು. ಕತ್ತರಿಸಿದ ತಲೆಯೂ ಕಚ್ಚುತ್ತದೆ.

ನಾಯಿ ಕಚ್ಚಿದಾಗ ಖಾರದಪುಡಿ, ಸುಣ್ಣ ಹಚ್ಚುವವರಿಗೂ ಒಂದು ಮಾತು. ಲೈಫ್‌ಬಾಯ್ ಇರಲಿ, ಬಟ್ಟೆ ಸೋಪೇ ಇರಲಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ. ಅವತ್ತೇ ಲಸಿಕೆ ಶುರುವಾಗಲಿ, ಗಾಯವಾಗಿ ರಕ್ತ ಬಂದಿದ್ದರೆ ಗಾಯದೊಳಗೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಕೂಡ ಕೇಳಿ. ಹತ್ತು ದಿನ ನಾಯಿ ನೋಡೋಣ ಅನ್ನುವುದನ್ನು ಲಸಿಕೆ ಹಾಕಿಸಿಕೊಳ್ಳುತ್ತಲೇ ಮಾಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸಿಕೊಳ್ಳುವುದು ಹೆಚ್ಚುಕಮ್ಮಿ ಆಗದ ಕೆಲಸ.

ಮನೆ ಸುತ್ತ ಫಿನಾಯಿಲ್, ಹಾವು ಓಡಿಸುವ ಪುಡಿ ಹಾಕಿ ನಿಶ್ಚಿಂತೆಯಿಂದ ಇರಬೇಡಿ. ಆ ದುಡ್ಡಲ್ಲಿ ಒಂದು ಒಳ್ಳೆ ಟಾರ್ಚು, ಮೊಣಕಾಲಿನವರೆಗಿನ ಗಮ್‌ಬೂಟು ತಗೊಳ್ಳಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಸಿಗಿಸಿ.

ಅಣ್ಣ, ತಮ್ಮನ ಕಾಲಿನ ಬೆರಳುಗಳಿಗೆ ಈಗ ಸ್ಪರ್ಶ ಸರಿಯಾಗಿ ಗೊತ್ತಾಗುತ್ತಿದೆಯಾ? ಮೂತ್ರ ಕಡಿಮೆಯಾಗಿದ್ದರೆ, ಇಲ್ಲವೇ ಕೆಂಪಗೆ ಹೋಗುತ್ತಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಮಂಡಲದ ವಿಷ ಕಿಡ್ನಿಗೂ ಇಳಿಯುತ್ತದೆ.