ಹಾರಿದ್ದು ಹೆಬ್ಬಾತು, ನೀನಲ್ಲ

ತಮ್ಮಾ, ನಮ್ಮ ಪಕ್ಷಿ ನೋಡುವವರ ಗುಂಪಿನಲ್ಲಿ ನೀನು ಹಾಕಿದ ತುಂಗಭದ್ರಾ ಹಿನ್ನೀರಿನ ಹೆಬ್ಬಾತು ಫೋಟೊ ಚಲೋ ಬಂದಿವೆ. ಅದರ ಕೆಳಗೆ ನೀನು ಇಂಗ್ಲಿಷಿನಲ್ಲಿ ಬರೆದ ನಾಲ್ಕು ಸಾಲನ್ನು ಯಾರೋ ಕೆಂಪು ಗೆರೆ ಎಳೆದು ತಿದ್ದಿದರು, ಯಾಕೆ ತಪ್ಪು ಅಂತ ಮಾತ್ರ ಹೇಳಲಿಲ್ಲ ಅಂದಿದ್ದಿ. ಅದಕ್ಕೆ ಗುಂಪಿನಲ್ಲಿ ಒಬ್ಬರು ಹನ್ನೆರಡು ಟೆನ್ಸಿನ ಪಟ್ಟಿ ಬಾಯಿಪಾಠ ಮಾಡು ಅಂದಿದ್ದಾರೆ. ನಾನು ಒಪ್ಪಲ್ಲ. ಕೊಪ್ಪಳದ ಕಡೆ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಆ ಪಟ್ಟಿಯನ್ನೇ ಬೋರ್ಡಿನ ಮೇಲೆ ಬರೆದವನು ನಾನು. ಹುಡುಗರು ಪಟ್ಟಿಯನ್ನು ಪಟಪಟ ಒಪ್ಪಿಸುತ್ತಿದ್ದರು, ವಾಕ್ಯ ಬರೆ ಅಂದರೆ ಅದೇ ತಪ್ಪು. ಯಾಕೆಂದರೆ ತಪ್ಪು ಹುಟ್ಟೋದು ನಮ್ಮ ಕನ್ನಡದೊಳಗೆ.

ನಿನ್ನ ಮೊದಲ ಸಾಲು: ‘ಐ ಹ್ಯಾವ್ ಸೀನ್ ದ ಗೀಸ್ ಯೆಸ್ಟರ್ಡೇ.’ ಕನ್ನಡದಲ್ಲಿ ‘ನಿನ್ನೆನೇ ನೋಡೀನಿ’ ಅಂದರೆ ಯಾರೂ ಹುಬ್ಬೇರಿಸಲ್ಲ. ಇಂಗ್ಲಿಷಿನ ‘ಹ್ಯಾವ್’ ಹಂಗಲ್ಲ, ಅದಕ್ಕೆ ಈ ಹೊತ್ತಿನ ಜೊತೆ ನಂಟು ಬೇಕು. ಯೆಸ್ಟರ್ಡೇ, ಲಾಸ್ಟ್ ಸಂಡೇ, ಇನ್ 2019 ಅಂತ ಮುಗಿದುಹೋದ ಹೊತ್ತಿನ ಹೆಸರು ಹೇಳಿದೆಯೋ, ನಂಟು ಹರಿಯಿತು. ಆಗ ‘ಐ ಸಾ’ ಅಷ್ಟೇ. ಹೊತ್ತು ಹೇಳದೆ, ‘ಪಟ್ಟೆತಲೆ ಹೆಬ್ಬಾತು ನೋಡಿದ ಅನುಭವ ನನಗಿದೆ’ ಅನ್ನೋ ಅರ್ಥದಲ್ಲಾದರೆ ‘ಐ ಹ್ಯಾವ್ ಸೀನ್’ ಸರಿ.

ಎರಡನೇದು ಇದರ ಅಣ್ಣ: ‘ಐ ಹ್ಯಾಡ್ ಗಾನ್ ಟು ದರೋಜಿ ಲಾಸ್ಟ್ ಸಂಡೇ.’ ನಾವು ‘ಹೋಗಿದ್ದೆ’ ಅಂತೀವಲ್ಲ, ಅದನ್ನೇ ಎತ್ತಿ ಇಟ್ಟಿದ್ದಿ. ಅಲ್ಲಿ ಬರೀ ‘ವೆಂಟ್’ ಸಾಕು. ‘ಹ್ಯಾಡ್’ ಬೇಕಾಗೋದು ಆಗಿಹೋದ ಎರಡು ಸಂಗತಿಯಲ್ಲಿ ಒಂದು ಮೊದಲು ಆಗಿತ್ತು ಅಂತ ತೋರಿಸೋಕೆ. ನಾವು ದಂಡೆ ಮುಟ್ಟೋದರೊಳಗೆ ಹೆಬ್ಬಾತು ಎದ್ದು ಹೋಗಿದ್ದವು: ‘ವೆನ್ ವಿ ರೀಚ್ಡ್ ದ ಬ್ಯಾಂಕ್, ದ ಗೀಸ್ ಹ್ಯಾಡ್ ಲೆಫ್ಟ್.’ ಇಲ್ಲಿ ‘ಹ್ಯಾಡ್’ ತೆಗೆದು ನೋಡು, ನಾವು ಹೋದ ಸದ್ದಿಗೇ ಹಾರಿದವು ಅಂತ ಆಗುತ್ತದೆ. ಪಕ್ಷಿ ನೋಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

‘ಐ ಆಮ್ ಕಮಿಂಗ್ ಹಿಯರ್ ಸಿನ್ಸ್ ಥ್ರೀ ಇಯರ್ಸ್’ ಅನ್ನೋದರಲ್ಲಿ ಎರಡು ತಪ್ಪು. ನಮ್ಮ ‘ಇಂದ’ ಒಂದೇ, ಅವರಿಗೆ ಎರಡು: ಶುರುವಾದ ಹೊತ್ತಿಗೆ ‘ಸಿನ್ಸ್’, ಎಷ್ಟು ಕಾಲ ಅನ್ನೋದಕ್ಕೆ ‘ಫಾರ್’. ಮತ್ತೆ ಇನ್ನೂ ನಡೆದೇ ಇರೋ ಕೆಲಸಕ್ಕೆ ‘ಹ್ಯಾವ್ ಬೀನ್ ಕಮಿಂಗ್’.

ನಾಲ್ಕನೇದೇ ಭಾರಿ ಮಜಾ: ‘ಫ್ಲೈಯಿಂಗ್ ಓವರ್ ದ ಬ್ಯಾಕ್‌ವಾಟರ್, ಐ ಕೌಂಟೆಡ್ ಟ್ವೆಂಟಿ ಗೀಸ್.’ ಹಾರಿದ್ದು ನೀನಾ? ಇಲ್ಲಿ ಕನ್ನಡ ಕೈ ಕೊಡಲ್ಲ, ಕಾಯುತ್ತದೆ. ‘ಹಿನ್ನೀರಿನ ಮೇಲೆ ಹಾರುತ್ತಾ ನಾನು ಇಪ್ಪತ್ತು ಹೆಬ್ಬಾತು ಎಣಿಸಿದೆ’ ಅಂತ ಒಮ್ಮೆ ಗಟ್ಟಿಯಾಗಿ ಓದು. ನಗು ಬಂತಾ? ಹಂಗಾದರೆ ಇಂಗ್ಲಿಷೂ ತಪ್ಪು. ‘ಹಾರುತ್ತಿದ್ದ ಹೆಬ್ಬಾತು’ ಅಂತ ನಾವು ಹೆಬ್ಬಾತಿಗಿಂತ ಮೊದಲು ಅಂಟಿಸೋದನ್ನು ಅವರು ಹೆಬ್ಬಾತು ಆದ ಮೇಲೆ ಅಂಟಿಸುತ್ತಾರೆ: ‘ಐ ಕೌಂಟೆಡ್ ಟ್ವೆಂಟಿ ಗೀಸ್ ಫ್ಲೈಯಿಂಗ್ ಓವರ್ ದ ಬ್ಯಾಕ್‌ವಾಟರ್.’

ನಾಚಿಕೊಳ್ಳಬೇಡ. ನಾನೇ ಒಮ್ಮೆ ‘ಸಿಟ್ಟಿಂಗ್ ಆನ್ ದ ಎಲೆಕ್ಟ್ರಿಕ್ ವೈರ್, ಐ ಫೋಟೋಗ್ರಾಫ್ಡ್ ಎ ರೋಲರ್’ ಅಂತ ನೀಲಕಂಠದ ಫೋಟೊ ಹಾಕಿದ್ದೆ. ‘ಮಾಸ್ತರ್ರ, ಲೈನ್‌ಮನ್ ಕೆಲಸಕ್ಕ ಯಾವಾಗ ಸೇರಿದ್ರಿ?’ ಅಂತ ಇದೇ ಗುಂಪಿನಲ್ಲಿ ವಾರಗಟ್ಟಲೆ ಕಾಡಿದರು.

‘ಓನ್ಲಿ’ ಎಲ್ಲಿಡಬೇಕು ಅಂತಲೂ ಕೇಳಿದ್ದಿ. ‘ನಾವು ಮಾತ್ರ ಎಣಿಸಿದ್ವಿ’, ‘ಹೆಬ್ಬಾತು ಮಾತ್ರ ಎಣಿಸಿದ್ವಿ’. ನಮ್ಮ ‘ಮಾತ್ರ’ ಪದದ ಬೆನ್ನಿಗೆ ಕೂರುತ್ತದೆ, ಬರೆಯುವಾಗ ‘ಓನ್ಲಿ’ಯನ್ನು ಆ ಪದಕ್ಕಿಂತ ಮೊದಲು ಕೂರಿಸು. ‘ಓನ್ಲಿ ವಿ ಕೌಂಟೆಡ್’, ‘ವಿ ಕೌಂಟೆಡ್ ಓನ್ಲಿ ಗೀಸ್’.

ಒಂದು ಬಿಟ್ಟಿದ್ದೆ. ‘ದಿಸ್ ಮಾರ್ನಿಂಗ್’ ಜೊತೆ ‘ಹ್ಯಾವ್ ಸೀನ್’ ನಡೆಯುತ್ತದೆ, ಆದರೆ ಇನ್ನೂ ಬೆಳಗು ಇರೋ ತನಕ. ನೀನು ಫೋಟೊ ಹಾಕೋದು ಮಧ್ಯಾಹ್ನ ಊಟ ಆದ ಮೇಲೆ ಅಲ್ಲವಾ, ನಿನಗೆ ‘ಸಾ’ನೇ ಗತಿ.