ಸಾಸಿವೆ ಡಬ್ಬಿಯ ಗುಟ್ಟು, ಕ್ರೆಡಿಟ್ ಕಾರ್ಡಿನ ಗುಟ್ಟು

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದ ಗೃಹಿಣಿ, ವಯಸ್ಸು 39. ನಮ್ಮ ಯಜಮಾನರು ಹೆಬ್ಬಾಳು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿದ್ದಾರೆ; ಕೈಗೆ 34,000 ರೂಪಾಯಿ ಬರುತ್ತದೆ. ಒಂದು ಲೀಟರ್ ಹಾಲನ್ನು ಅರ್ಧಕ್ಕೆ ಇಳಿಸಿ, ನನ್ನ ಕಬ್ಬಿಣಾಂಶದ ಮಾತ್ರೆಯನ್ನೂ ಬಿಟ್ಟು, ಅಡುಗೆಮನೆಯ ಖರ್ಚಿನಲ್ಲಿ ತಿಂಗಳಿಗೆ 1,500 ಉಳಿಸುತ್ತಿದ್ದೇನೆ. ಅದೂ ಗೃಹಲಕ್ಷ್ಮಿ ಹಣವೂ ಸೇರಿ ನನ್ನ ಖಾತೆಯಲ್ಲಿ ಈಗ 52,000 ಇದೆ. ಇದು ಅವರಿಗೆ ತಿಳಿಯದು. ಹೋದ ತಿಂಗಳು ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಕ್ರೆಡಿಟ್ ಕಾರ್ಡಿನ ಬಿಲ್ಲು ಸಿಕ್ಕಿತು. 82,000 ಬಾಕಿ, ತಿಂಗಳಿಗೆ ಶೇಕಡ 3.5 ಬಡ್ಡಿ, ಅವರು ಕಟ್ಟುತ್ತಿರುವುದು 4,100 ಮಾತ್ರ. ಅತ್ತೆಯವರ ಕಣ್ಣಿನ ಶಸ್ತ್ರಚಿಕಿತ್ಸೆಗೂ ನಾದಿನಿಯ ಸೀಮಂತಕ್ಕೂ ಮಾಡಿದ ಸಾಲವಿರಬೇಕು. ನನ್ನ ಹಣದ ವಿಷಯ ಹೇಳಿದರೆ ಅದೂ ಕರಗುತ್ತದೆ, ಹೇಳದಿದ್ದರೆ ಕೊರಗು. ತರಕಾರಿಗೆ ವಾರಕ್ಕೊಮ್ಮೆ ಎಂ.ಜಿ. ರಸ್ತೆಯ ಮಾರುಕಟ್ಟೆಗೇ ಹೋಗುತ್ತೇನೆ. ಇನ್ನೂ ಎಲ್ಲಿ ಉಳಿಸಬಹುದು, ತಿಳಿಸಿ. (ಕಳೆದೆರಡು ತಿಂಗಳು ವಿದ್ಯುತ್ ಬಳಕೆ 200 ಯೂನಿಟ್ ದಾಟಿ ಬಿಲ್ಲು ಸಾವಿರದೈನೂರಕ್ಕೂ ಹೆಚ್ಚು ಬಂದಿದೆ.)

ಉತ್ತರ: ಸಹೋದರಿ, ಇನ್ನೂ ಎಲ್ಲಿ ಉಳಿಸಬಹುದೆಂದು ಕೇಳಿದ್ದೀರಿ. ಅದಕ್ಕೆ ಮೊದಲು ಒಂದು ಹಾಳೆ, ಪೆನ್ನು ಹಿಡಿದು ನನ್ನೊಡನೆ ಈ ಲೆಕ್ಕವನ್ನು ಮಾಡಿ ನೋಡಿ. 82,000ಕ್ಕೆ ಶೇಕಡ 3.5ರಂತೆ ತಿಂಗಳ ಬಡ್ಡಿ 2,870 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ ಸೇರಿದರೆ ಸುಮಾರು 3,390. ನಿಮ್ಮ ಪತಿ ಕಟ್ಟುವ 4,100ರಲ್ಲಿ ಅಸಲಿಗೆ ಹೋಗುವುದು ಏಳುನೂರು ರೂಪಾಯಿಯಷ್ಟೇ. ಇನ್ನು ಮುಂದೆ ಆ ಕಾರ್ಡಿನಲ್ಲಿ ಒಂದು ಸೂಜಿಯನ್ನೂ ಕೊಳ್ಳದೆ, ತಪ್ಪದೆ ಇಷ್ಟನ್ನೇ ಕಟ್ಟುತ್ತಾ ಹೋದರೂ ಸಾಲ ತೀರಲು ಮೂರೂವರೆ ವರ್ಷ ಬೇಕು. ನೀವು ಬಾಯಿ ಕಟ್ಟಿ ಉಳಿಸುವ 1,500 ರೂಪಾಯಿ, ನಿಮ್ಮದೇ ಮನೆಯಿಂದ ಬಡ್ಡಿಯಾಗಿ ಹೊರಹೋಗುವ ಹಣದ ಅರ್ಧದಷ್ಟೂ ಆಗುವುದಿಲ್ಲ.

ಆದ್ದರಿಂದ ಹೇಳುತ್ತೇನೆ: ಹಣದ ವಿಷಯವನ್ನು ಪತಿಗೆ ತಿಳಿಸಿ. ಆದರೆ ಪೂರ್ತಿ ಹಣವನ್ನು ಅವರ ಕೈಗೆ ಕೊಡಬೇಡಿ. 12,000 ರೂಪಾಯಿ ಆಪತ್ಕಾಲಕ್ಕೆಂದು ನಿಮ್ಮ ಖಾತೆಯಲ್ಲೇ ಉಳಿಯಲಿ. ಮನೆಯಲ್ಲಿ ವಯಸ್ಸಾದವರಿರುವಾಗ ಕೈ ಬರಿದಾಗಿಸಿಕೊಂಡರೆ ಮುಂದಿನ ಜ್ವರಕ್ಕೆ ಮತ್ತೆ ಅದೇ ಕಾರ್ಡು ಹೊರಬರುತ್ತದೆ. ಮಿಕ್ಕ 40,000ವನ್ನು ಇಬ್ಬರೂ ಒಟ್ಟಿಗೆ ಕುಳಿತು ನೇರವಾಗಿ ಕಾರ್ಡಿನ ಖಾತೆಗೆ ಕಟ್ಟಿ. ಹಾಗೆ ಕಟ್ಟಿದ ಮರುತಿಂಗಳಿಂದಲೇ ಜಿಎಸ್‌ಟಿ ಸಹಿತ ಸುಮಾರು 1,650 ರೂಪಾಯಿ ಬಡ್ಡಿ ಉಳಿಯುತ್ತದೆ. ಇದು ನೀವು ತಿಂಗಳಿಡೀ ಅಡುಗೆಮನೆಯಲ್ಲಿ ಹೆಣಗಾಡಿ ಉಳಿಸುವುದಕ್ಕಿಂತ ಹೆಚ್ಚು. ಉಳಿದ 42,000ಕ್ಕೆ ಅವರ 4,100ರ ಜೊತೆ 1,500 ಸೇರಿಸಿ ಕಟ್ಟಿದರೆ ಒಂಬತ್ತು-ಹತ್ತು ತಿಂಗಳಲ್ಲಿ ಸಾಲ ತೀರುತ್ತದೆ. ಆ ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಬದಲಾಯಿಸಿಕೊಡುವಿರಾ ಎಂದು ಬ್ಯಾಂಕಿನಲ್ಲಿ ಕೇಳಿ. ಒಪ್ಪಿದರೆ ಶುಲ್ಕವೆಷ್ಟು, ಬಡ್ಡಿಯೆಷ್ಟು ಎಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ಸಹಿ ಮಾಡಿ. ಬಾಕಿ ಇರುವಷ್ಟು ಕಾಲ ಆ ಕಾರ್ಡಿನಲ್ಲಿ ಹೊಸದಾಗಿ ಕೊಂಡ ವಸ್ತುವಿಗೂ ಬಡ್ಡಿರಹಿತ ಅವಧಿ ಸಿಗದೆ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಹಾಗಾಗಿ ಸಾಲ ತೀರುವವರೆಗೆ ಕಾರ್ಡು ಬೀರುವಿನಲ್ಲಿರಲಿ.

ಹೇಳುವುದು ಹೇಗೆಂಬುದೇ ನಿಮ್ಮ ನಿಜವಾದ ಸಂಕಟವೆಂದು ಪತ್ರ ಓದಿದಾಗ ನನಗನ್ನಿಸಿತು. ಅವರು ತಾಯಿಗೂ ತಂಗಿಗೂ ಮಾಡಿದ ಖರ್ಚನ್ನು ನಿಮ್ಮಿಂದ ಮುಚ್ಚಿಟ್ಟರು. ನೀವು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದನ್ನು ಅವರಿಂದ ಮುಚ್ಚಿಟ್ಟಿರಿ. ಜೇಬಿನಲ್ಲಿ ಸಿಕ್ಕ ಬಿಲ್ಲನ್ನು ಮುಂದಿಟ್ಟು ಮಾತು ಆರಂಭಿಸಿದರೆ ಅದು ವಿಚಾರಣೆಯಾಗುತ್ತದೆ, ಅವರು ಕೋಪದ ಹಿಂದೆ ಅಡಗಿಕೊಳ್ಳುತ್ತಾರೆ. ಮೊದಲು ನಿಮ್ಮ ಗುಟ್ಟನ್ನು ಬಿಚ್ಚಿ: "ನಾನು ಇಷ್ಟು ಕೂಡಿಟ್ಟಿದ್ದೇನೆ, ನಿಮಗೆ ಹೇಳಿರಲಿಲ್ಲ, ತಪ್ಪಾಯಿತು, ಬಿಲ್ಲನ್ನೂ ನೋಡಿದೆ." ಅತ್ತೆಯವರ ಮುಂದೆ ಈ ಮಾತು ಬೇಡ; ತನ್ನ ಕಣ್ಣಿಗಾಗಿ ಮಗ ಸಾಲಗಾರನಾದನೆಂದು ತಿಳಿದರೆ ಆ ಹಿರಿಯ ಜೀವ ನೊಂದುಕೊಳ್ಳುತ್ತದೆ. ಭಾನುವಾರ ಬೆಳಿಗ್ಗೆ ಇಬ್ಬರೂ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ ಮಾತಾಡಿ. ಎದುರುಬದುರು ಕೂತಾಗ ಬಾರದ ಮಾತು ಪಕ್ಕಪಕ್ಕದಲ್ಲಿ ನಡೆಯುವಾಗ ಸಲೀಸಾಗಿ ಬರುತ್ತದೆ ಎಂಬುದು ನನ್ನ ಅನುಭವ. ಅವರು ರೇಗಿದರೆ ಆ ದಿನಕ್ಕೆ ಸುಮ್ಮನಾಗಿ, ಹಣವನ್ನು ಮಾತ್ರ ಆ ಸಿಟ್ಟಿನ ಹೊತ್ತಿನಲ್ಲಿ ವರ್ಗಾಯಿಸಬೇಡಿ. ಸಂಬಳ ಬಂದ ದಿನ ಇಬ್ಬರೂ ಒಂದೇ ಪುಸ್ತಕದಲ್ಲಿ ಖರ್ಚು ಬರೆಯುವುದಕ್ಕೆ ಒಪ್ಪಿದ ಮೇಲೆಯೇ ಆ 40,000 ಹೊರಡಲಿ.

ದಿನನಿತ್ಯದ ಉಳಿತಾಯಕ್ಕೆ ಬರೋಣ. ಕಳೆದೆರಡು ತಿಂಗಳು ವಿದ್ಯುತ್ ಬಳಕೆ 200 ಯೂನಿಟ್ ದಾಟಿ ಸಾವಿರದೈನೂರಕ್ಕೂ ಹೆಚ್ಚು ಬಿಲ್ಲು ಬಂದಿತೆಂದು ಪತ್ರದ ಕೊನೆಯಲ್ಲಿ ಸಣ್ಣದಾಗಿ ಬರೆದಿದ್ದೀರಿ. ನನ್ನ ಕಣ್ಣಿಗೆ ಅದೇ ದೊಡ್ಡದಾಗಿ ಕಂಡಿತು. ಗೃಹಜ್ಯೋತಿಯಲ್ಲಿ ಮನೆಯ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿಯೂ 200ರೊಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. 2,000 ವಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ ಮೂವತ್ತು. ಎಲ್ಲರೂ ಒಂದರ ಹಿಂದೊಂದು ಸ್ನಾನ ಮುಗಿಸಿದರೆ ಆ ಗಡಿ ದಾಟದಂತೆ ನೋಡಿಕೊಳ್ಳಬಹುದು. ಮೀಟರ್ ಓದುವವರು ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ನಡುವೆ ಒಮ್ಮೆ ಮೀಟರ್ ನೋಡುವ ಕೆಲಸವನ್ನು ಮಗನಿಗೆ ಒಪ್ಪಿಸಿ. ಅತ್ತೆಯವರ ಬಿಪಿ, ಸಕ್ಕರೆ ಮಾತ್ರೆಗಳನ್ನು ವೈದ್ಯರನ್ನು ಕೇಳಿ ಜನೌಷಧಿ ಕೇಂದ್ರದಿಂದ ತಂದರೆ ಅಲ್ಲೂ ಗಣನೀಯವಾಗಿ ಉಳಿಯುತ್ತದೆ. ತರಕಾರಿಗೆ ವಾರಕ್ಕೊಮ್ಮೆ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಹೋಗುವುದನ್ನು ನೀವು ಆಗಲೇ ಮಾಡುತ್ತಿದ್ದೀರಿ, ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ.

ಹಾಲು ಮತ್ತು ಮಾತ್ರೆಯ ಉಳಿತಾಯವನ್ನು ಮಾತ್ರ ನಾನು ಒಪ್ಪಲಾರೆ. ಮನೆಯಲ್ಲಿ ಖರ್ಚು ಕಡಿಮೆ ಮಾಡಬೇಕೆಂದಾಗಲೆಲ್ಲ ಮೊದಲು ಬರಿದಾಗುವುದು ಹೆಂಗಸಿನ ಲೋಟವೇ ಎಂಬುದನ್ನು ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಂಡು ಕಂಡು ನನಗೆ ಬೇಸರವಾಗಿದೆ. ರಕ್ತಹೀನತೆಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಬಿಟ್ಟು ಉಳಿಸಿದ ನೂರಿನ್ನೂರು ರೂಪಾಯಿ ಮುಂದೆ ಆಸ್ಪತ್ರೆಯ ಒಂದು ಭೇಟಿಗೂ ಸಾಲದು. ಗೀಸರಿನಿಂದಲೂ ಬಡ್ಡಿಯಿಂದಲೂ ಉಳಿಯುವುದು ಇದಕ್ಕಿಂತ ಬಹಳ ಹೆಚ್ಚಿರುವುದರಿಂದ, ಮಾತ್ರೆಯನ್ನು ಇವತ್ತೇ ಮತ್ತೆ ಶುರು ಮಾಡಿ. ನಾಳೆ ಬೆಳಿಗ್ಗೆ ನಂದಿನಿ ಬೂತಿನಿಂದ ಇನ್ನೊಂದು ಅರ್ಧ ಲೀಟರ್ ಪ್ಯಾಕೆಟ್ ತನ್ನಿ.