ಬಳ್ಳಿಯ ಹೆಸರಿನ ಲೀಗ್

ತೀರ್ಥಹಳ್ಳಿಯಿಂದ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರ ಪತ್ರ ಬಂದಿದೆ. ಕಳೆದ ಸಂಚಿಕೆಯಲ್ಲಿ ವಿದೇಶದ ಓದಿನ ಬಗ್ಗೆ ಬರೆಯುವಾಗ ನಾವು ಐವಿ ಲೀಗನ್ನು ‘ಅಮೆರಿಕದ ಅತ್ಯುತ್ತಮ ಎಂಟು ಯೂನಿವರ್ಸಿಟಿಗಳ ಪಟ್ಟಿ’ ಎಂದಿದ್ದೆವು. “ಲೀಗ್ ಅಂದ್ರೆ ಆಟದ್ದು ಅಲ್ವಾ? ನಮ್ಮ ಕಬಡ್ಡಿಯದ್ದರ ಹಾಗೆ? ಓದಿಗೆ ಯಾಕೆ ಈ ಹೆಸರು? ಮೊಮ್ಮಗನನ್ನು ಕೇಳಿದರೆ ಐವಿ ಅಂದ್ರೆ ರೋಮನ್ ಅಂಕಿ ನಾಲ್ಕು ಅಂತಾನೆ” ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಅನುಮಾನ ಸರಿ, ತಪ್ಪು ನಮ್ಮದು. ಐವಿ ಲೀಗ್ ಅಪ್ಪಟ ಆಟದ ಕೂಟ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ, ಬ್ರೌನ್, ಡಾರ್ಟ್‌ಮತ್, ಪೆನ್ಸಿಲ್ವೇನಿಯಾ, ಕಾರ್ನೆಲ್ ತಂಡಗಳು ಪರಸ್ಪರ ಸೆಣಸುವ ಲೀಗ್. ಓದಿನಲ್ಲಿ ಇವಕ್ಕೇನೂ ಕಮ್ಮಿಯಿಲ್ಲದ ಸ್ಟ್ಯಾನ್‌ಫರ್ಡ್, ಎಂಐಟಿ ಇದರಲ್ಲಿಲ್ಲ. ಅವು ಆಡುವುದು ಬೇರೆ ಲೀಗುಗಳಲ್ಲಿ, ಅಷ್ಟೇ.

ಇನ್ನು ಹೆಸರು. ಐವಿ ಎಂದರೆ ಗೋಡೆಗೆ ಹಬ್ಬುವ ಒಂದು ಬಳ್ಳಿ. 1865ರ ಕಾರ್ನೆಲ್ ಬಿಟ್ಟರೆ ಉಳಿದ ಏಳೂ ಅಮೆರಿಕ ಸ್ವತಂತ್ರವಾಗುವ ಮೊದಲೇ ಹುಟ್ಟಿದವು. ಹಳೇ ಕಟ್ಟಡ, ಕಲ್ಲಿನ ಗೋಡೆ, ಮೇಲೆ ಹಸಿರು ಬಳ್ಳಿ. ಪದವಿ ಮುಗಿಸಿ ಹೋಗುವ ಹುಡುಗರು ನೆನಪಿಗೆಂದು ಗೋಡೆ ಬುಡದಲ್ಲಿ ಐವಿ ನೆಡುವ ಪದ್ಧತಿಯೂ ಕೆಲವು ಕಡೆ ಇತ್ತು.

ಆ ಬಳ್ಳಿಯನ್ನು ಆಟದ ಪುಟಕ್ಕೆ ತಂದವರು ನಮ್ಮ ಕಸುಬಿನವರೇ. 1933ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್‌ನ ಸ್ಟ್ಯಾನ್ಲಿ ವುಡ್‌ವರ್ಡ್ ಫುಟ್‌ಬಾಲ್ ವರದಿಯೊಂದರಲ್ಲಿ, ನಮ್ಮ ‘ಐವಿ ಕಾಲೇಜು’ಗಳು ದೊಡ್ಡ ಕಾಳಗಕ್ಕೆ ಇಳಿಯುವ ಮೊದಲು ಇನ್ನೊಂದು ಶನಿವಾರ ಸಣ್ಣಪುಟ್ಟವರ ಜೊತೆ ಆಡುತ್ತಿವೆ ಎಂದು ಚುಚ್ಚಿದರು. ಫುಟ್‌ಬಾಲ್ ಅಂದರೆ ಅಮೆರಿಕದ್ದು ಮೇಷ್ಟ್ರೇ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. 1935ರ ಫೆಬ್ರವರಿಯಲ್ಲಿ ಅಸೋಸಿಯೇಟೆಡ್ ಪ್ರೆಸ್‌ನ ಅಲನ್ ಗೂಲ್ಡ್ ‘ಐವಿ ಲೀಗ್’ ಎಂದೇ ಬರೆದರು. ಅದೂ ಹಿಂದೆ ‘ಎನ್ನಲಾಗುವ’ ಎಂಬ ಮಾತು ಅಂಟಿಸಿ. ಯಾಕೆಂದರೆ ಆಗ ಲೀಗೇ ಇರಲಿಲ್ಲ!

ಹೆರಾಲ್ಡ್ ಟ್ರಿಬ್ಯೂನ್‌ನಲ್ಲೇ ಇದ್ದ ಕ್ಯಾಸ್ವೆಲ್ ಆಡಮ್ಸ್ 1937ರಲ್ಲಿ ಬೇಡದ ಪಂದ್ಯವೊಂದರ ವರದಿಗೆ ಹೋಗಬೇಕಾಗಿ ಬಂದಾಗ ‘ಆ ಬಳ್ಳಿ ಬೆಳೆದ ಹಳೇ ಕಾಲೇಜುಗಳಾ’ ಎಂದು ಗೊಣಗಿದ್ದೇ ಹೆಸರಾಯಿತು ಎಂಬ ಕಥೆಯೂ ಇದೆ. ಡೆಸ್ಕಿನಲ್ಲಿ ಕೂತವರಿಗೆಲ್ಲ ಇಷ್ಟವಾಗುವ ಕಥೆ. ಆದರೆ ಹೆಸರು ಅದಕ್ಕೆ ಎರಡು ವರ್ಷ ಮೊದಲೇ ಅಚ್ಚಾಗಿತ್ತಲ್ಲ. ನಿಮ್ಮ ಮೊಮ್ಮಗ ಹೇಳಿದ್ದೂ ಹಳೆಯ ಗಾಳಿಮಾತು. ಮೊದಲು ನಾಲ್ಕೇ ಕಾಲೇಜುಗಳ ಕೂಟವಿತ್ತು, ರೋಮನ್ ನಾಲ್ಕನ್ನು ಅಕ್ಷರ ಬಿಡಿಸಿ ಓದಿದರೆ ‘ಐ-ವಿ’ ಎಂದು ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ, ದಾಖಲೆ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಮುಂದಿನದು. 1936ರ ಡಿಸೆಂಬರ್‌ನಲ್ಲಿ ಬ್ರೌನ್ ಬಿಟ್ಟು ಉಳಿದ ಏಳು ಕಡೆಯ ವಿದ್ಯಾರ್ಥಿ ಪತ್ರಿಕೆಗಳು ಒಂದೇ ಸಂಪಾದಕೀಯವನ್ನು ಒಟ್ಟಿಗೆ ಪ್ರಕಟಿಸಿದವು. ಜನರ ತಲೆಯಲ್ಲಿ ಈ ಲೀಗ್ ಆಗಲೇ ಇದೆ, ಅದನ್ನು ಸುಮ್ನೆ ಗಾಳಿಯಲ್ಲಿ ಯಾಕೆ ಬಿಡುತ್ತೀರಿ, ಕಟ್ಟಿಬಿಡಿ ಎಂಬುದು ಅದರ ತಾತ್ಪರ್ಯ. ಏಳು ಕಡೆಯ ಹುಡುಗರು ಒಂದು ಕರಡಿಗೆ ಒಪ್ಪಿದ್ದಾರೆ! ನಮ್ಮ ಕಚೇರಿಯಲ್ಲಿ ಮೂವರು ಕೂತರೆ ಒಂದು ತಲೆಬರಹ ಮುಗಿಯುವುದಿಲ್ಲ. ಮುಂದಿನ ತಿಂಗಳೇ ದೊಡ್ಡವರು ‘ಆಗಲ್ಲ’ ಎಂದರು.

ಆಗಿದ್ದು 1945ರಲ್ಲಿ. ಎಂಟೂ ಕಡೆಯ ಅಧ್ಯಕ್ಷರು ಫುಟ್‌ಬಾಲಿಗೆ ಮಾತ್ರ ಒಂದು ಒಪ್ಪಂದ ಮಾಡಿಕೊಂಡರು. ಆಟ ಓದನ್ನು ನುಂಗಬಾರದು ಎಂಬ ಚಿಂತೆ ಅವರದು. ಬರೀ ಆಟಕ್ಕಾಗಿ ಯಾರಿಗೂ ಸ್ಕಾಲರ್‌ಶಿಪ್ ಇಲ್ಲ, ಮನೆಯಲ್ಲಿ ಕಷ್ಟವಿದ್ದರೆ ಎಲ್ಲ ವಿದ್ಯಾರ್ಥಿಗಳಿಗೆ ಸಿಗುವ ನೆರವೇ ಆಟಗಾರನಿಗೂ. ಇವತ್ತಿಗೂ ಇದೇ ರೂಢಿ. 1954ರಲ್ಲಿ ಒಪ್ಪಂದ ಉಳಿದ ಆಟಗಳಿಗೂ ಹಬ್ಬಿತು, ಲೀಗಿನ ಹುಟ್ಟಿದ ವರ್ಷವೆಂದು ಲೆಕ್ಕಕ್ಕೆ ಹಿಡಿಯುವುದು ಅದನ್ನೇ. ಎಲ್ಲರೂ ಎಲ್ಲರೊಡನೆ ಆಡುವ ಫುಟ್‌ಬಾಲ್ ಶುರುವಾದದ್ದು 1956ರಲ್ಲಿ. ರಾಷ್ಟ್ರೀಯ ಪ್ಲೇಆಫ್‌ಗೆ ಫುಟ್‌ಬಾಲ್ ತಂಡ ಕಳಿಸುವುದಿಲ್ಲ ಎಂಬ ಹಟವನ್ನಂತೂ ಮೊನ್ನೆ ಮೊನ್ನೆ, 2025ರ ಋತುವಿನಿಂದ ಬಿಟ್ಟರು.

ಹಾಗಾಗಿ ಓದುಗರು ಕಳೆದ ಸಂಚಿಕೆಯ ಆ ಸಾಲನ್ನು ‘ಅಮೆರಿಕದ ಈಶಾನ್ಯ ಭಾಗದ ಎಂಟು ಹಳೇ ಯೂನಿವರ್ಸಿಟಿಗಳ ಕ್ರೀಡಾ ಕೂಟ’ ಎಂದು ತಿದ್ದಿ ಓದಿಕೊಳ್ಳಬೇಕು. ಮೊಮ್ಮಗನಿಗೆ ನೀವೇ ಹೇಳಿಬಿಡಿ ಮೇಷ್ಟ್ರೇ.

— ಸಂಪಾದಕ